ಪಲ್ಟನ್‌ನಿಂದ ಕರೆ ಬಂದ ನೌಕರ: ಮಾಲೀಕರು ಮಾಡಬೇಕಾದ್ದು, ಮಾಡಬಾರದ್ದು

ಕಾರ್ಖಾನೆ, ಅಂಗಡಿ, ಶಾಲೆ, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ ಯಾವುದನ್ನೇ ನಡೆಸುವವರಿಗೆ, ಅಲ್ಲಿ ಹಾಜರಿ ಮತ್ತು ಸಂಬಳದ ಲೆಕ್ಕ ಬರೆಯುವವರಿಗೆ ಈ ಸೂಚನೆ. ಟೆರಿಟೋರಿಯಲ್ ಆರ್ಮಿಗೆ, ಅಂದರೆ ಪ್ರಾದೇಶಿಕ ಸೇನೆಗೆ, ಸೇರಿದ ಒಬ್ಬರೇ ಒಬ್ಬರು ನಿಮ್ಮಲ್ಲಿ ಕೆಲಸಕ್ಕಿದ್ದರೂ ಇದನ್ನು ಈಗಲೇ ಓದಿಡಿ. ಕರೆ ಬಂದ ದಿನ ಓದಲು ಪುರುಸೊತ್ತು ಇರುವುದಿಲ್ಲ.

ಕರೆ ಬರುವುದು ದೂರದ ಮಾತೇನಲ್ಲ. 2025ರ ಮೇ 6ರ ಅಧಿಸೂಚನೆಯಲ್ಲಿ ರಕ್ಷಣಾ ಸಚಿವಾಲಯವು 1948ರ ಟೆರಿಟೋರಿಯಲ್ ಆರ್ಮಿ ನಿಯಮಗಳ 33ನೇ ನಿಯಮದಡಿ, ಈ ಸೇನೆಯ ಯಾವ ಅಧಿಕಾರಿಯನ್ನಾದರೂ, ಯಾವ ಸೈನಿಕನನ್ನಾದರೂ ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. ಇರುವ 32 ಪದಾತಿ ಬೆಟಾಲಿಯನ್‌ಗಳಲ್ಲಿ 14 ಬೆಟಾಲಿಯನ್‌ಗಳನ್ನು ಕರ್ತವ್ಯಕ್ಕೆ ಇಳಿಸಲು ಅನುಮತಿ ಸಿಕ್ಕಿತು. ಆ ಆದೇಶದ ಅವಧಿ 2028ರ ಫೆಬ್ರವರಿ 9ರವರೆಗೆ ಇದೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನಲ್ಲಿ 106ನೇ ಪ್ಯಾರಾ ಬೆಟಾಲಿಯನ್ ಇದೆ. ಕ್ರಿಕೆಟಿಗ ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವುದು ಅದರಲ್ಲೇ. ಬೆಳಗಾವಿಯಲ್ಲಿ 115ನೇ ಮಹಾರ್ ಬೆಟಾಲಿಯನ್ ಇದೆ. ಪೀಣ್ಯದ ಲೇತ್ ಮುಂದೆ, ಉದ್ಯಮಬಾಗದ ಫೌಂಡ್ರಿಯಲ್ಲಿ ನಿಂತು ಕೆಲಸ ಮಾಡುವವರಲ್ಲೂ ಈ ಸಮವಸ್ತ್ರ ಉಳ್ಳವರು ಇರಬಹುದು.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಸೇನೆ ವರ್ಷಪೂರ್ತಿಯ ಉದ್ಯೋಗವಲ್ಲ. ಬದುಕಿಗೆ ಬೇರೆ ದುಡಿಮೆ ಇದ್ದವರನ್ನೇ ಅದು ತೆಗೆದುಕೊಳ್ಳುತ್ತದೆ. ಪದಾತಿ ಘಟಕದವರಿಗೆ ವರ್ಷಕ್ಕೆ ಎರಡು ತಿಂಗಳ ತರಬೇತಿ ಇರುತ್ತದೆ. ಅಗತ್ಯ ಬಿದ್ದಾಗ ಸೇವೆ ಇನ್ನೂ ದೀರ್ಘವಾಗಬಹುದು. ಸೇವೆ ಮುಗಿದ ಮೇಲೆ ಅವರು ಮರಳುವುದು ನಿಮ್ಮ ಬಾಗಿಲಿಗೇ. ಪಿಂಚಣಿ ಸಿಗಬೇಕಾದರೆ ಸೈನಿಕರಿಗೆ 15, ಅಧಿಕಾರಿಗಳಿಗೆ 20 ವರ್ಷಗಳ ನಿಜವಾದ ಸೇವೆ ಕೂಡಿಬರಬೇಕು. ಬಹಳ ಮಂದಿಗೆ ಅದು ಕೈಗೆ ಎಟುಕುವುದಿಲ್ಲ. ಆದ್ದರಿಂದ ಮಾಲೀಕರು ಕೆಲಸ ಉಳಿಸಿಕೊಟ್ಟರೆ ಮಾತ್ರ ಈ ಸೇನೆ ಉಳಿಯುತ್ತದೆ. ಅದಕ್ಕೇ 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲಿ ಮಾಲೀಕರ ಹೊಣೆಯೂ ಸೇರಿದೆ.

ಪತ್ರ ಕೈಗೆ ಬಂದ ದಿನ

ಮಾಡಬೇಕಾದ್ದು: ಆದೇಶದ ಪ್ರತಿ ಪಡೆದುಕೊಳ್ಳಿ. ಹೊರಡುವ ದಿನ, ಘಟಕದ ಹೆಸರು ಬರೆದಿಟ್ಟುಕೊಳ್ಳಿ. ಅದೇ ದಿನ ನೌಕರನ ಕೈಗೆ ಒಂದು ಪತ್ರ ಕೊಡಿ: ಇಂಥ ದಿನದಿಂದ ನೀವು ಸೇನಾ ಕರ್ತವ್ಯದ ರಜೆಯ ಮೇಲೆ ಇದ್ದೀರಿ, ನಿಮ್ಮ ಹುದ್ದೆ, ನಿಮ್ಮ ಈಗಿನ ಸಂಬಳ ಇಷ್ಟು, ಮರಳಿದಾಗ ಈ ಹುದ್ದೆ ನಿಮ್ಮದೇ. ನಾಲ್ಕು ಸಾಲು ಸಾಕು. ಮುಂದೆ ಮ್ಯಾನೇಜರ್ ಬದಲಾಗಬಹುದು, ಕಂಪನಿಯೇ ಕೈ ಬದಲಾಗಬಹುದು. ಆಗ ಮಾತಾಡುವುದು ಈ ಪತ್ರ.

ತರಬೇತಿಗೆ ಹೋಗುವುದು ಬೇರೆ, ಗಡಿಗೆ ಹೋಗುವುದು ಬೇರೆ ಎಂದು ಭೇದ ಮಾಡಬೇಡಿ. ಕಾಯ್ದೆಯ 7ನೇ ಕಲಮು ನಾಗರಿಕ ಆಡಳಿತಕ್ಕೆ ನೆರವಾಗಲು, ಮುಖ್ಯ ಸ್ಥಾವರಗಳನ್ನು ಕಾಯಲು, ತರಬೇತಿ ಪಡೆಯಲು, ಖಾಯಂ ಸೇನೆಗೆ ಬೆಂಬಲವಾಗಿ ನಿಲ್ಲಲು ಕರೆದದ್ದೆಲ್ಲವನ್ನೂ ಸೇನಾ ಸೇವೆ ಎಂದೇ ಎಣಿಸುತ್ತದೆ.

ಮಾಡಬಾರದ್ದು: "ಹೋಗೋದಾದ್ರೆ ರಾಜೀನಾಮೆ ಬರ್ಕೊಟ್ಟು ಹೋಗಪ್ಪ, ಬಂದ್ಮೇಲೆ ನೋಡೋಣ" ಎನ್ನಬೇಡಿ. ಈ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೋ ಅಷ್ಟೇ ಕೆಟ್ಟದ್ದು. ಕರೆ ಬಂದಾಗ ಹೋಗುವುದು ಬಿಡುವುದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಕರ್ತವ್ಯಕ್ಕೆ ಸೇರಿಸಿಕೊಂಡ ಮೇಲೆ ಅವನು ಸೇನಾ ಕಾಯ್ದೆಗೆ ಒಳಪಟ್ಟವನು. ಎರಡೂ ಕಡೆಯಿಂದ ಹಿಸುಕಿಸಿಕೊಂಡವನ ಹತ್ತಿರ ಬರೆಸಿಕೊಂಡ ರಾಜೀನಾಮೆಯನ್ನು ಮನಃಪೂರ್ವಕ ಕೊಟ್ಟದ್ದು ಎಂದು ಯಾರೂ ಒಪ್ಪಬೇಕಾಗಿಲ್ಲ.

ಕರೆ ಬರುವ ಸುಳಿವು ಸಿಕ್ಕ ಕೂಡಲೇ ಕೆಲಸದಿಂದ ತೆಗೆದುಹಾಕುವ ಉಪಾಯವನ್ನೂ ಕಾಯ್ದೆ ಮುಂಚೆಯೇ ಕಂಡಿದೆ. ಹೊಣೆ ತಪ್ಪಿಸಿಕೊಳ್ಳುವ ಉದ್ದೇಶದಿಂದ ಮೊದಲೇ ತೆಗೆದರೂ ಮತ್ತೆ ಸೇರಿಸಿಕೊಳ್ಳುವ ಹೊಣೆ ನಿಮ್ಮ ಮೇಲೆಯೇ ಉಳಿಯುತ್ತದೆ. ಆದೇಶ ಹೊರಟ ಮೇಲೆ ತೆಗೆದಿರೋ, ಉದ್ದೇಶ ಅದೇ ಎಂದು ಕಾಯ್ದೆ ಊಹಿಸಿಕೊಳ್ಳುತ್ತದೆ. ಹಾಗಲ್ಲ ಎಂದು ಸಾಬೀತು ಮಾಡಬೇಕಾದವರು ನೀವು.

ಸಂಬಳ

ಕರ್ತವ್ಯದ ಅವಧಿಯಲ್ಲಿ ಅವರ ದರ್ಜೆಗೆ ತಕ್ಕ ಸಂಬಳ, ಭತ್ಯೆಗಳನ್ನು ಸೇನೆಯೇ ಕೊಡುತ್ತದೆ. ಖಾಸಗಿ ಮಾಲೀಕ ಆ ದಿನಗಳಿಗೂ ಸಂಬಳ ಕೊಡಲೇಬೇಕೆಂದು ಈ ಕಾಯ್ದೆ ಹೇಳುವುದಿಲ್ಲ. ಇದನ್ನು ನೌಕರನಿಗೆ ಮೊದಲೇ ಸ್ಪಷ್ಟವಾಗಿ ಹೇಳಿ. ಕೊಡುತ್ತೇವೆ ಎಂಬ ಭ್ರಮೆ ಹುಟ್ಟಿಸಿ ತಿಂಗಳ ಕೊನೆಗೆ ಕೈ ಎತ್ತಿದರೆ ಮನೆಯಲ್ಲಿ ಬಾಡಿಗೆ, ಶಾಲೆ ಫೀಸು, ಸಾಲದ ಕಂತು ಎಲ್ಲ ನಿಲ್ಲುತ್ತದೆ, ಮತ್ತು ಅದನ್ನು ಎದುರಿಸುವವಳು ಅವನ ಹೆಂಡತಿ.

ಆದರೂ ಕೊಡಬಹುದಾದವರು ಕೊಡಿ ಎಂದು ಕೇಳುತ್ತೇನೆ. ಇಲ್ಲಿ 60,000 ರೂಪಾಯಿ ತರುತ್ತಿದ್ದವರಿಗೆ ಅಲ್ಲಿ 40,000 ಬರುತ್ತದೆ ಎಂದುಕೊಳ್ಳಿ. ಆ 20,000 ರೂಪಾಯಿಯ ಅಂತರವನ್ನು ತುಂಬಿಕೊಡುವುದು ನ್ಯಾಯವಾದ ದಾರಿ. ವರ್ಷದ ಎರಡು ತಿಂಗಳ ತರಬೇತಿಯ ಮಟ್ಟಿಗಾದರೂ ಇದು ಹೆಚ್ಚಿನ ಕಂಪನಿಗಳಿಗೆ ಭಾರವಾಗದು. ಕೊಟ್ಟರೆ ಬ್ಯಾಂಕ್ ಖಾತೆಗೇ ಹಾಕಿ, ಸಂಬಳದ ಚೀಟಿಯಲ್ಲಿ ಬೇರೆ ಸಾಲಾಗಿ ತೋರಿಸಿ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನಬೇಡಿ. ಆಫೀಸಿನ ಮೇಜರ್‌ಗೂ ಗೋದಾಮಿನ ಸಿಪಾಯಿಗೂ ನಿಯಮ ಒಂದೇ ಇರಲಿ.

ಅವರ ಗಳಿಕೆ ರಜೆಯನ್ನು ಅವರು ಕೇಳದೆ ಕತ್ತರಿಸಬೇಡಿ. ರಜೆ ಬಳಸಿಕೊಂಡು ಆ ದಿನಗಳ ಸಂಬಳ ಪಡೆಯುತ್ತೇನೆ ಎಂದು ಅವರೇ ಬರೆದುಕೊಟ್ಟರೆ ಆ ಮಾತು ಬೇರೆ. ದಣಿದು ಬಂದವರು ಊರ ಹಬ್ಬಕ್ಕೆ ಎರಡು ದಿನ ಕೇಳಿದಾಗ "ನಿನ್ನ ರಜೆ ಎಲ್ಲಾ ಮುಗಿದಿದೆ" ಎನ್ನುವಂತಾಗಬಾರದು.

ಪಿಎಫ್, ಇಎಸ್‌ಐ, ಗ್ರಾಚ್ಯುಟಿ, ವಿಮೆ

ಹೆಚ್ಚಿನ ಅನ್ಯಾಯ ಆಗುವುದು ಇಲ್ಲಿ. ದುರುದ್ದೇಶದಿಂದಲ್ಲ, ಗಣಕದಲ್ಲಿ ಒತ್ತಿದ ಒಂದು ಗುಂಡಿಯಿಂದ.

ಕಾಯ್ದೆಯ 7ಬಿ ಕಲಮಿನ ಪ್ರಕಾರ ಭವಿಷ್ಯನಿಧಿ, ನಿವೃತ್ತಿ ನಿಧಿ, ನೌಕರರ ಹಿತಕ್ಕೆ ಇರುವ ಇತರ ಯೋಜನೆಗಳಲ್ಲಿ ನಿಯಮಗಳು ಗೊತ್ತುಮಾಡಿದ ಹಕ್ಕು ಸೇವೆಯುದ್ದಕ್ಕೂ, ಮರಳಿ ಕೆಲಸಕ್ಕೆ ಸೇರುವವರೆಗೂ ಅವರಿಗೆ ಉಳಿದಿರುತ್ತದೆ. ಆದ್ದರಿಂದ ಪಿಎಫ್ ಪೋರ್ಟಲ್‌ನಲ್ಲಿ ಅವರ ಹೆಸರಿನ ಮುಂದೆ ಕೆಲಸ ಬಿಟ್ಟ ದಿನಾಂಕ ಹಾಕಬೇಡಿ. ಯಾವ ಕಾರಣಕ್ಕೂ ಹಾಕಬೇಡಿ. ಅವರು ಕೆಲಸ ಬಿಟ್ಟಿಲ್ಲ. ಹಾಕಿದರೆ ಸೇವೆ ಎರಡು ತುಂಡಾಗುತ್ತದೆ; ಪಿಎಫ್ ಪಿಂಚಣಿಗೆ ಬೇಕಾದ ಹತ್ತು ವರ್ಷದ ಎಣಿಕೆಯಲ್ಲಿ ತೊಡಕು ಬರುತ್ತದೆ. ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಪಿಎಫ್ ಜೊತೆಗಿರುವ ಇಡಿಎಲ್‌ಐ ವಿಮೆ, ನೌಕರಿಯಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ನೀವು ಹಾಕಿದ ಆ ದಿನಾಂಕ, ಸೈನಿಕನ ಹೆಂಡತಿ ಮಕ್ಕಳ ಕೈಯಿಂದ ಆ ಹಣವನ್ನು ಕಿತ್ತುಕೊಳ್ಳಬಹುದು.

ಸಂಬಳ ಇಲ್ಲದ ತಿಂಗಳಿಗೆ ವಂತಿಗೆಯೂ ಇರುವುದಿಲ್ಲ. ಆಗ ಪಿಎಫ್‌ಗೆ ತಿಂಗಳು ತಿಂಗಳು ಸಲ್ಲಿಸುವ ಇಸಿಆರ್ ಪಟ್ಟಿಯಿಂದ ಹೆಸರನ್ನೇ ಕೈಬಿಡಬೇಡಿ. ಹೆಸರು ಇಟ್ಟುಕೊಂಡು, ವಂತಿಗೆ ಇಲ್ಲದ ದಿನಗಳನ್ನು ಎನ್‌ಸಿಪಿ ಕಾಲಂನಲ್ಲಿ ತೋರಿಸಿ. ಲೆಕ್ಕಿಗರಿಗೆ ಇದು ಎರಡು ನಿಮಿಷದ ಕೆಲಸ.

ಇಎಸ್‌ಐ ಇದ್ದರೆ ಒಂದು ಲೆಕ್ಕವನ್ನು ನೌಕರನ ಜೊತೆ ಕೂತು ಮಾಡಿ. ಕಾಯಿಲೆ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಎರಡು ತಿಂಗಳ ತರಬೇತಿಯಿಂದ ತೊಂದರೆಯಿಲ್ಲ. ನಾಲ್ಕೈದು ತಿಂಗಳ ಕರೆ ಬಂದರೆ 78 ತುಂಬದೆ, ಅವರು ಮರಳಿ ಬಂದು ಕೆಲಸದಲ್ಲಿರುವಾಗಲೇ ಭತ್ಯೆ ತಪ್ಪಬಹುದು. ಮೊದಲೇ ಗೊತ್ತಿದ್ದರೆ ಸಂಬಳದ ಅಂತರ, ಉಳಿದ ರಜೆ ಹೇಗೆ ಹೊಂದಿಸಬಹುದು ಎಂದು ಯೋಚಿಸಲು ಸಮಯ ಸಿಗುತ್ತದೆ.

ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಬೇಡಿ. ಸೇನಾ ಕರ್ತವ್ಯದ ರಜೆ ಎಂದೇ ಬರೆಯಿರಿ. ಖಾಯಂ ನೌಕರರ ಗ್ರಾಚ್ಯುಟಿಗೆ ಐದು ವರ್ಷದ ಎಡೆಬಿಡದ ಸೇವೆ ಬೇಕು. ರಜೆ ಸೇವೆಯನ್ನು ಮುರಿಯುವುದಿಲ್ಲ, ಹೇಳದೆ ಕೇಳದೆ ಗೈರಾದದ್ದು ಎಂದು ಬರೆದರೆ ಜಗಳಕ್ಕೆ ದಾರಿಯಾಗುತ್ತದೆ. ಕಂಪನಿಯ ಗುಂಪು ಆರೋಗ್ಯ ವಿಮೆಯಿಂದ ಅವರ ಹೆಸರನ್ನೂ ಮನೆಯವರ ಹೆಸರನ್ನೂ ತೆಗೆಸಬೇಡಿ. ಪ್ರೀಮಿಯಂನಲ್ಲಿ ನೌಕರನ ಪಾಲು ಇದ್ದರೆ ಅದನ್ನು ಹೇಗೆ ಕಟ್ಟುವುದೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಮರಳಿ ಬಂದಾಗ

7ಎ ಕಲಮಿನ ಮಾತು ಗಟ್ಟಿಯಾಗಿದೆ: ಸೇವೆಗೆ ಹೋಗದೇ ಇದ್ದಿದ್ದರೆ ಯಾವ ಸ್ಥಿತಿಯಲ್ಲಿ ಇರುತ್ತಿದ್ದರೋ ಅದಕ್ಕಿಂತ ಕಡಿಮೆಯಲ್ಲದ ಸ್ಥಿತಿಯಲ್ಲಿ ಮತ್ತೆ ಕೆಲಸ ಕೊಡಬೇಕು. ಹೋದ ದಿನದ ಸಂಬಳಕ್ಕೆ ಮತ್ತೆ ಕೂರಿಸಿದರೆ ಸಾಲದು. ಆ ನಡುವೆ ಎಲ್ಲರಿಗೂ ಇನ್‌ಕ್ರಿಮೆಂಟ್ ಆಗಿದ್ದರೆ ಇವರಿಗೂ ಆಗಬೇಕು, ಹಿರಿತನದ ಪಟ್ಟಿಯಲ್ಲಿ ಹಿಂದೆ ಬೀಳಬಾರದು. ಹಗಲು ಪಾಳಿಯವರನ್ನು ತಂದು ರಾತ್ರಿ ಪಾಳಿಗೆ ಹಾಕುವುದು, ಸೂಪರ್‌ವೈಸರ್ ಆಗಿದ್ದವರನ್ನು ಪ್ಯಾಕಿಂಗ್‌ಗೆ ಕಳಿಸುವುದು ಸಲ್ಲದು.

ಬದಲಿಗೆ ಬಂದವರಿಗೆ ಮೊದಲ ದಿನವೇ ಹೇಳಿ, ಇದು ತಾತ್ಕಾಲಿಕ, ಇಂಥವರು ಮರಳುವವರೆಗೆ ಮಾತ್ರ ಎಂದು. ಅವರದ್ದೂ ಹೊಟ್ಟೆಪಾಡು. ಖಾಯಂ ಆಸೆ ತೋರಿಸಿ ಒಬ್ಬರನ್ನು ಸೇರಿಸಿಕೊಂಡು, ಆಮೇಲೆ ಇಬ್ಬರನ್ನು ಒಂದು ಕುರ್ಚಿಯ ಮುಂದೆ ನಿಲ್ಲಿಸಿದರೆ ಆ ತಪ್ಪು ನಿಮ್ಮದು.

ನಿಜಕ್ಕೂ ಕೆಲಸ ಕೊಡಲಾಗದ ಸಂದರ್ಭ ಬರಬಹುದು. ಘಟಕವೇ ಮುಚ್ಚಿರಬಹುದು. ಆಗ ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ನೀವಾಗಲಿ ನೌಕರನಾಗಲಿ, ನಿಯಮಗಳು ಗೊತ್ತುಮಾಡಿದ ಪ್ರಾಧಿಕಾರದ ಮುಂದೆ ವಿಷಯ ಇಡಬಹುದು. ಅದು ನಿಮಗೆ ವಿನಾಯಿತಿ ಕೊಡಬಹುದು, ತನಗೆ ಸರಿ ಕಂಡ ಷರತ್ತಿನ ಮೇಲೆ ಕೆಲಸ ಕೊಡಿ ಎನ್ನಬಹುದು, ಅಥವಾ ಕೊನೆಯ ಸಂಬಳದ ದರದಲ್ಲಿ ಆರು ತಿಂಗಳವರೆಗಿನ ಮೊತ್ತವನ್ನು ಪರಿಹಾರವಾಗಿ ಕೊಡಿಸಬಹುದು. ಆ ಆದೇಶವನ್ನೂ ಮೀರಿದರೆ ಸಾವಿರ ರೂಪಾಯಿವರೆಗೆ ದಂಡ, ಅದರ ಮೇಲೆ ನ್ಯಾಯಾಲಯವೇ ಕೊಡಿಸುವ ಆರು ತಿಂಗಳ ಸಂಬಳ. ಸಾವಿರ ರೂಪಾಯಿ ಇಂದಿಗೆ ದಂಡವೇ ಅಲ್ಲ, ಹದಿನೈದು ವರ್ಷ ದುಡಿದವರಿಗೆ ಆರು ತಿಂಗಳ ಪರಿಹಾರವೂ ತೀರಾ ಕಡಿಮೆ. ಸಂಸತ್ತು ಇವೆರಡನ್ನೂ ಏರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಗ್ಗವಾಗಿದೆ ಎಂದು ಲೆಕ್ಕ ಹಾಕಿ ಕಾನೂನು ಮುರಿಯುವ ಮಾಲೀಕರು ಆಗಬೇಡಿ.

ಹೆಣ್ಣುಮಕ್ಕಳೂ ಈ ಸೇನೆಗೆ ಸೇರಬಹುದೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಮೇಲೆ ಹೇಳಿದ್ದೆಲ್ಲ ಅವರಿಗೂ ಹಾಗೇ ಅನ್ವಯ.

ಅಮೆರಿಕದಲ್ಲಿ ವ್ಯವಹಾರ ನಡೆಸುವ ಕನ್ನಡಿಗರಿಗೆ

ಅಲ್ಲಿ ಇರುವುದು 1994ರ ಯೂಸೆರಾ ಕಾಯ್ದೆ, ಇನ್ನೂ ಬಿಗಿ. ನಿಮ್ಮಲ್ಲಿ ಒಬ್ಬನೇ ನೌಕರನಿದ್ದರೂ ಅನ್ವಯ. ರಿಸರ್ವ್ ಅಥವಾ ನ್ಯಾಷನಲ್ ಗಾರ್ಡ್ ಸೇವೆಗೆ ಹೋದವರು ಸಾಮಾನ್ಯವಾಗಿ ಒಟ್ಟು ಐದು ವರ್ಷದವರೆಗಿನ ಸೇವೆಗೆ ಕೆಲಸ ಮರಳಿ ಕೇಳಬಹುದು. ಸೇವೆ 30 ದಿನದೊಳಗೆ ಇದ್ದರೆ ಮನೆ ಸೇರಿ ಎಂಟು ಗಂಟೆ ವಿಶ್ರಾಂತಿ ಪಡೆದ ಮೇಲಿನ ಮುಂದಿನ ಪಾಳಿಗೆ ಹಾಜರಾಗಬೇಕು. 31ರಿಂದ 180 ದಿನವಾದರೆ 14 ದಿನದೊಳಗೆ, ಅದಕ್ಕೂ ಹೆಚ್ಚಾದರೆ 90 ದಿನದೊಳಗೆ ಕೆಲಸ ಕೇಳಬೇಕು. ಆರೋಗ್ಯ ವಿಮೆಯನ್ನು 24 ತಿಂಗಳವರೆಗೆ ಮುಂದುವರಿಸಿಕೊಳ್ಳುವ ಹಕ್ಕಿದೆ. 30 ದಿನದವರೆಗಿನ ಸೇವೆಗೆ ಅವರಿಂದ ಎಂದಿನ ಪಾಲಿಗಿಂತ ಹೆಚ್ಚು ವಸೂಲು ಮಾಡಬಾರದು. ಅವರ ರಜೆಯನ್ನು ಬಲವಂತವಾಗಿ ಬಳಸುವುದನ್ನು ಅಲ್ಲಿ ಕಾಯ್ದೆಯೇ ನಿಷೇಧಿಸಿದೆ. ಈ ಹಕ್ಕುಗಳನ್ನು ನೌಕರರಿಗೆ ತಿಳಿಸುವ ಸೂಚನೆ ಕೊಡುವುದು ಕಡ್ಡಾಯ.

ಕರೆ ಬಂದವರಿಗೆ

ಭಾರತದಲ್ಲಿ ಕರೆ ಬಂದವರೇ, ನಿಮ್ಮ ಹೊಣೆಯೂ ಇದೆ. ಪಲ್ಟನ್‌ಗೆ ಸೇರಿದ್ದನ್ನು ಮಾಲೀಕರಿಂದ ಮುಚ್ಚಿಡಬೇಡಿ; ವಾರ್ಷಿಕ ತರಬೇತಿಯ ದಿನಗಳು ಗೊತ್ತಾದ ಕೂಡಲೇ ತಿಳಿಸಿ. ಪಿಎಫ್ ಮತ್ತು ವಿಮೆಯ ನಾಮಿನಿ ಯಾರೆಂದು ಹೊರಡುವ ಮೊದಲು ನೋಡಿಕೊಳ್ಳಿ, ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಮನೆಯಲ್ಲೂ ಒಬ್ಬರಿಗೆ ಗೊತ್ತಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೇವೆ ಮುಗಿದ ಎರಡು ತಿಂಗಳೊಳಗೆ ಕೆಲಸ ಮರಳಿ ಕೊಡಿ ಎಂದು ಕೇಳಿ. ಕೇಳಲಿಲ್ಲ ಎಂದು ಮಾಲೀಕರು ಸಾಬೀತು ಮಾಡಿದರೆ ಕಾಯ್ದೆಯಡಿ ಅದು ಅವರಿಗೆ ರಕ್ಷಣೆಯಾಗುತ್ತದೆ, ನಿಮ್ಮ ಕೈ ಖಾಲಿ ಉಳಿಯುತ್ತದೆ. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಸೇವೆ ಮುಗಿದ ಪತ್ರದ ಪ್ರತಿ ಲಗತ್ತಿಸಿ ಅರ್ಜಿ ಬರೆದುಕೊಡಿ, ಪ್ರತಿಯ ಮೇಲೆ ತಾರೀಖು ಸಮೇತ ಸಹಿ, ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.