ಸಣ್ಣ ವ್ಯಾಪಾರಕ್ಕೊಂದು ರೌಟರ್: ಕೆಲಸ ಕಲಿಸಿದ ಪಾಠಗಳು

ದಾವಣಗೆರೆ ಸುತ್ತಮುತ್ತ ಮೆಡಿಕಲ್ ಶಾಪ್, ಆಡಿಟರ್ ಕಚೇರಿ, ಬಟ್ಟೆ ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಗಿರಾಕಿಗಳು ಮೊದಲು ಕೇಳುವುದು, "ಎಷ್ಟು ಸ್ಪೀಡ್ ಬರುತ್ತೆ?" ನಾನು ಕೇಳುವುದು, "ನೆಟ್ ಹೋದ್ರೆ ಮೊದಲು ಯಾವ ಕೆಲಸ ನಿಲ್ಲುತ್ತೆ, ಸಾರ್?" ರೌಟರ್ ಆರಿಸಬೇಕಾದದ್ದು ಆ ಉತ್ತರ ಹಿಡಿದು.

1. ಪೆಟ್ಟಿಗೆಗಿಂತ ಪೋರ್ಟ್ ನೋಡಿ. ಪೆಟ್ಟಿಗೆ ಮೇಲಿನ 'ಎಸಿ1200' ಎಂದರೆ 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ ಕೂಡಿಸಿ ದುಂಡಗೆ ಮಾಡಿದ ಲೆಕ್ಕ. ಯಾವ ಒಂದು ಮೊಬೈಲಿಗೂ ಅಷ್ಟು ಸಿಗದು. ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಹೊರಗಿನ ಲೈನ್ ಸೇರುವ ವ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದು. 200ರ ಪ್ಲಾನ್‌ಗೆ ದುಡ್ಡು ಕಟ್ಟಿದರೂ 95ರ ಆಸುಪಾಸಿಗೇ ನಿಲ್ಲುತ್ತದೆ. ಗಿಗಾಬಿಟ್ ಪೋರ್ಟ್ ಇರಲಿ.

2. ಫೈಬರ್‌ನವರು ಕೊಟ್ಟ ಡಬ್ಬಿಯನ್ನು ಮೊದಲು ವಿಚಾರಿಸಿ. ಸಾಮಾನ್ಯವಾಗಿ ಅದೂ ರೌಟರೇ. ಅದರ ಹಿಂದೆ ಇನ್ನೊಂದನ್ನು ಸುಮ್ಮನೆ ಜೋಡಿಸಿದರೆ ಎರಡೆರಡು ಬಾರಿ ವಿಳಾಸ ಬದಲಾಗಿ, ಹೊರಗಿನಿಂದ ಕಚೇರಿಗೆ ಸಂಪರ್ಕಿಸುವುದು ಕಗ್ಗಂಟಾಗುತ್ತದೆ. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ; ಆಗ ಅದು ರೌಟರ್ ಕೆಲಸ ಬಿಡುತ್ತದೆ. ಮನೆಯಿಂದಲೇ ಕಚೇರಿಯ ಟ್ಯಾಲಿ ಲೆಕ್ಕ ನೋಡಬೇಕೆಂದಿದ್ದರೆ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಸಿಗುತ್ತದೆಯೇ ಎಂದು ಕೇಳಿ. ಹಲವು ಗಿರಾಕಿಗಳಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ಕಡೆ, ಎಷ್ಟು ದುಬಾರಿ ರೌಟರ್ ತಂದರೂ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಒಳಗಿನ ಕಂಪ್ಯೂಟರ್‌ಗೆ ದಾಟಿಸುವುದು) ನಡೆಯುವುದಿಲ್ಲ.

3. ಎರಡು ಲೈನ್, ಎರಡು ದಾರಿ. ಬಿಲ್ಲಿಂಗ್ ನಿಲ್ಲಬಾರದು ಎನ್ನುವವರು ಡ್ಯುಯಲ್ ವ್ಯಾನ್ ಇರುವುದನ್ನೇ ಕೊಳ್ಳಿ. ಒಂದು ಲೈನ್ ಹೋದರೆ ತಾನಾಗಿ ಇನ್ನೊಂದಕ್ಕೆ ಹೊರಳುತ್ತದೆ. ಆದರೆ ಎರಡು ಕಂಪನಿಗಳ ಕೇಬಲ್ಲೂ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದು ಲಾರಿ ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಫೈಬರ್ ಜೊತೆಗೆ 4ಜಿ ಸಿಮ್ ಇಡಿ. ಯುಪಿಐ, ಕಾರ್ಡ್ ಮಷಿನ್‌ಗಳಿಗೆ ಬೇಕಾದ ಡೇಟಾ ತೀರಾ ಕಡಿಮೆ; ಸಿಮ್ ಧಾರಾಳವಾಗಿ ಸಾಕು.

4. ಆಂಟೆನಾ ಎಣಿಸಬೇಡಿ. ಪೇಟೆಬೀದಿಯಲ್ಲಿ 2.4 ಗಿಗಾಹರ್ಟ್ಸ್ ಗಿಜಿಗುಡುತ್ತದೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ, ಆರ್‌ಸಿಸಿ ದಾಟುವಾಗ ಸೊರಗುತ್ತದೆ. ಒಳಕೋಣೆಗೆ ತಂತಿ ಎಳೆದು ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಕೂರಿಸಿ. ಟ್ಯಾಲಿ ಕಂಪ್ಯೂಟರ್‌ಗಳಿಗೆ, ಕ್ಯಾಮೆರಾಗಳಿಗೆ ಕ್ಯಾಟ್-6 ತಂತಿಯೇ ಆಗಬೇಕು.

5. ಗಿರಾಕಿಗಳ ವೈಫೈ ಬೇರೆ ಇರಲಿ. ಲೆಕ್ಕಪತ್ರದ ಕಂಪ್ಯೂಟರ್ ಒಂದು ವಿಲ್ಯಾನ್ (ಬೇರ್ಪಡಿಸಿದ ಜಾಲ), ಕ್ಯಾಮೆರಾ ಇನ್ನೊಂದು, ಬಂದುಹೋಗುವವರದು ಮತ್ತೊಂದು. ಈ ಸೌಲಭ್ಯ ಇಲ್ಲದ ಮಾಡೆಲ್ ವ್ಯಾಪಾರಕ್ಕಲ್ಲ.

6. ಅಪ್‌ಡೇಟ್ ನಿಂತ ಮಾಡೆಲ್ ಪುಕ್ಕಟೆ ಕೊಟ್ಟರೂ ಬೇಡ; ಅದರ ಲೋಪಗಳು ಮುಚ್ಚದೆ ಉಳಿಯುತ್ತವೆ. 2018ರಲ್ಲಿ ಬಯಲಾದ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ ಹಲವು ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಅವುಗಳಲ್ಲಿ ಬಹುಪಾಲು ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳೇ.

7. ಕರೆಂಟಿನ ಲೆಕ್ಕ ಸೇರಿಸಿ. ಇನ್ವರ್ಟರ್‌ಗೆ ಹೊರಳುವ ಕ್ಷಣದಲ್ಲಿ ರೌಟರ್ ಆರಿ ಹೊತ್ತಿದರೆ, ಮತ್ತೆ ನೆಟ್ ಬರುವವರೆಗೆ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ. ವೋಲ್ಟೇಜ್, ಆಂಪಿಯರ್ ಹೊಂದುವ ಮಿನಿ ಯುಪಿಎಸ್ ಕೊಳ್ಳಿ. ಫೈಬರ್ ಡಬ್ಬಿಗೂ ಅದರಿಂದಲೇ ಕರೆಂಟ್ ಕೊಡಿ.

8. ಕೀಲಿಕೈ ಮಾಲೀಕರ ಹತ್ತಿರವೇ ಇರಲಿ. ಯಾರೋ ರಿಸೆಟ್ ಗುಂಡಿ ಒತ್ತಿದರೆ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಐಡಿ ಸಮೇತ ಎಲ್ಲವೂ ಅಳಿಸಿಹೋಗುತ್ತದೆ. ಐಡಿ, ಅಡ್ಮಿನ್ ಪಾಸ್‌ವರ್ಡ್ ಬರೆಸಿಕೊಳ್ಳಿ, ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆಸಿಟ್ಟುಕೊಳ್ಳಿ. ಇಷ್ಟು ಕೈಗೆ ಬರುವ ತನಕ ನನ್ನಂಥವರಿಗೆ ಪೂರ್ತಿ ದುಡ್ಡು ಕೊಡಬೇಡಿ.