ಓದಿನ ತೊಡಕು, ಮನಸ್ಸಿನ ಅಳುಕು: ಮಕ್ಕಳಿಗೆ ಜೋಡಿ ಚಿಕಿತ್ಸೆ

ಪ್ರಶ್ನೆ: ಮೂರನೆಯ ತರಗತಿಯ ಮಗುವೊಂದು ಮಾತಿನಲ್ಲಿ ಚುರುಕಾಗಿದ್ದರೂ ಓದುವಾಗ ತಡವರಿಸುತ್ತದೆ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತದೆ. ಇದು ಸೋಮಾರಿತನವೇ, ಕಾಯಿಲೆಯೇ?

ಉತ್ತರ: ಬುದ್ಧಿಶಕ್ತಿ ಸಾಮಾನ್ಯವಾಗಿದ್ದು, ದೃಷ್ಟಿ ಮತ್ತು ಶ್ರವಣ ಸರಿಯಿದ್ದು, ಪಾಠವೂ ಕ್ರಮವಾಗಿ ದೊರೆತಿದ್ದರೂ ಮಗು ಓದು, ಬರಹ ಅಥವಾ ಲೆಕ್ಕದಲ್ಲಿ ಓರಗೆಯವರಿಗಿಂತ ಬಹಳ ಹಿಂದುಳಿದರೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನಲಾಗುತ್ತದೆ, ಓದಿಗೆ ಸಂಬಂಧಿಸಿದ ಬಗೆಗೆ ಡಿಸ್ಲೆಕ್ಸಿಯಾ ಎಂದು ಹೆಸರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಜಾಣ ಹುಡುಗನೊಬ್ಬನಲ್ಲಿ ಇಂತಹ ತೊಡಕನ್ನು ವರ್ಣಿಸಿದ್ದರು. ಮಾತಿನ ಧ್ವನಿಗಳನ್ನು ಬಿಡಿಸಿ ಅವನ್ನು ಅಕ್ಷರಗಳಿಗೆ ಹೊಂದಿಸುವ ಮಿದುಳಿನ ಕೆಲಸದಲ್ಲಿರುವ ಭಿನ್ನತೆಯೇ ಇದರ ಮುಖ್ಯ ಕಾರಣವಾಗಿದ್ದು, ಒಂದೇ ಕುಟುಂಬದ ಹಲವರಲ್ಲಿ ಇದು ಕಾಣಿಸುವುದೂ ಉಂಟು. ಆದ್ದರಿಂದ ಸೋಮಾರಿತನದ ಆರೋಪಕ್ಕೆ ಆಧಾರವಿಲ್ಲ. ಹೊಟ್ಟೆನೋವನ್ನೂ ನಟನೆಯೆಂದು ತಳ್ಳಿಹಾಕಬಾರದು. ತರಗತಿಯಲ್ಲಿ ಗಟ್ಟಿಯಾಗಿ ಓದಬೇಕಾದೀತೆಂಬ ಆತಂಕವು ದೇಹದಲ್ಲಿ ನಿಜವಾದ ನೋವಾಗಿಯೇ ಪ್ರಕಟವಾಗುತ್ತದೆ. ಆದರೆ ನೋವಿನೊಡನೆ ಜ್ವರ, ವಾಂತಿ ಅಥವಾ ತೂಕ ಇಳಿಕೆ ಇದ್ದರೆ, ಇಲ್ಲವೇ ನೋವು ನಿದ್ದೆಯಿಂದ ಎಬ್ಬಿಸುವಂತಿದ್ದರೆ ದೈಹಿಕ ಕಾರಣವನ್ನು ಮೊದಲು ಹುಡುಕಬೇಕು.

ಪ್ರಶ್ನೆ: ಒತ್ತಕ್ಷರಗಳು ತಪ್ಪಿದರೆ ಅದು ಡಿಸ್ಲೆಕ್ಸಿಯಾ ಎಂದು ತೀರ್ಮಾನಿಸಬಹುದೇ?

ಉತ್ತರ: ತೀರ್ಮಾನಿಸಲಾಗದು. ಕನ್ನಡದಲ್ಲಿ ಕಾಗುಣಿತದ ರೂಪಗಳೇ ನೂರಾರು ಇದ್ದು, ‘ಸೂರ್ಯ’ದಂತಹ ಪದದಲ್ಲಿ ಮೊದಲು ನುಡಿಯುವ ರಕಾರವನ್ನು ಅರ್ಕಾವೊತ್ತಾಗಿ ಅನಂತರ ಬರೆಯುವಂತಹ ಕ್ರಮಗಳೂ ಇರುವುದರಿಂದ, ತೊಡಕಿಲ್ಲದ ಮಕ್ಕಳಿಗೂ ಲಿಪಿಯ ಮೇಲೆ ಪೂರ್ಣ ಹಿಡಿತ ಬರಲು ಹಲವು ವರ್ಷಗಳು ಬೇಕಾಗುತ್ತವೆ. ತಿಂಗಳುಗಟ್ಟಲೆ ವಿಶೇಷವಾಗಿ ಕಲಿಸಿದರೂ ಸರಳ ಪದಗಳನ್ನು ಒಂದೊಂದೇ ಅಕ್ಷರವಾಗಿ ಎಡವುತ್ತಲೇ ಓದುವುದು, ಓದಿದ ಸಾಲಿನ ಅರ್ಥ ಕೊನೆಗೆ ಉಳಿಯದಿರುವುದು, ಓದಿಕೊಂಡು ಉತ್ತರಿಸಲಾಗದ ಪ್ರಶ್ನೆಯನ್ನು ಕೇಳಿಸಿಕೊಂಡಾಗ ಸರಿಯಾಗಿ ಉತ್ತರಿಸುವುದು ಹೆಚ್ಚು ಗಮನಾರ್ಹ ಲಕ್ಷಣಗಳು. ಖಚಿತ ನಿರ್ಣಯವನ್ನು ಸಾಮಾನ್ಯವಾಗಿ ಏಳೆಂಟು ವರ್ಷದ ನಂತರ ಮಾಡಲಾಗುತ್ತದೆಯಾದರೂ ನೆರವನ್ನು ಅಲ್ಲಿಯವರೆಗೆ ತಡೆಹಿಡಿಯಬೇಕಾಗಿಲ್ಲ. ಮೊದಲು ಮಕ್ಕಳ ವೈದ್ಯರು ಕಣ್ಣು, ಕಿವಿ, ರಕ್ತಹೀನತೆ, ಥೈರಾಯ್ಡ್ ಮತ್ತು ನಿದ್ದೆಯನ್ನು ಪರಿಶೀಲಿಸುತ್ತಾರೆ. ಬಳಿಕ ಕ್ಲಿನಿಕಲ್ ಸೈಕಾಲಜಿಸ್ಟ್ ಬುದ್ಧಿಶಕ್ತಿ, ಓದು, ಬರಹ ಮತ್ತು ಗಮನವನ್ನು ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಗಳಿಗೆ ವ್ಯವಸ್ಥೆಯಿದೆ.

ಪ್ರಶ್ನೆ: ಆಪ್ತಸಮಾಲೋಚನೆ ಕೊಡಿಸಿದರೆ ಓದು ಸರಿಹೋಗುವುದೇ?

ಉತ್ತರ: ಓದಿನ ತೊಡಕಿಗೆ ಓದನ್ನು ಕಲಿಸುವುದೇ ಮದ್ದು, ಮನಸ್ಸಿನ ಚಿಕಿತ್ಸೆ ಅದಕ್ಕೆ ಜೊತೆಯಾಗುತ್ತದೆಯೇ ಹೊರತು ಬದಲಿಯಾಗುವುದಿಲ್ಲ. ಪರಿಹಾರ ಬೋಧನೆ ಎಂದು ಕರೆಯಲಾಗುವ ಈ ಕ್ರಮದಲ್ಲಿ ತರಬೇತಿ ಪಡೆದ ಶಿಕ್ಷಕರು ಮೊದಲು ‘ಮರ’ ಎಂಬುದನ್ನು ‘ಮ’, ‘ರ’ ಎಂದು ಬಾಯಲ್ಲೇ ಬಿಡಿಸಲು ಕಲಿಸಿ, ಅನಂತರ ‘ಮ’ದೊಳಗಿನ ವ್ಯಂಜನ ಮತ್ತು ಸ್ವರವನ್ನು ಗುರುತಿಸಲು ಕಲಿಸುತ್ತಾರೆ. ಒತ್ತಕ್ಷರಗಳಲ್ಲಿಯೂ ‘ಅಕ್ಕ’, ‘ಅಮ್ಮ’ಗಳಂತಹ ಸಜಾತೀಯ ರೂಪಗಳಿಂದ ‘ಪುಸ್ತಕ’ದಂತಹ ವಿಜಾತೀಯ ರೂಪಗಳಿಗೆ, ಅಲ್ಲಿಂದ ಅರ್ಕಾವೊತ್ತಿಗೆ ಮತ್ತು ‘ರಾಷ್ಟ್ರ’ದಂತಹ ಪದಗಳಿಗೆ ಹಂತಹಂತವಾಗಿ ಸಾಗಿದರೆ ಕಲಿಕೆ ಸುಲಭವಾಗುತ್ತದೆ. ಮನೆಯಲ್ಲಿ ದಿನವೂ ಹದಿನೈದು–ಇಪ್ಪತ್ತು ನಿಮಿಷಗಳ ಅಭ್ಯಾಸವನ್ನು ಬೈಗುಳವಿಲ್ಲದೆ ಮಾಡಿಸುವುದು ಭಾನುವಾರವಿಡೀ ಕೂರಿಸುವುದಕ್ಕಿಂತ ಮೇಲು. ತಪ್ಪಿದ ಪದವನ್ನು ನೂರು ಸಲ ಬರೆಸುವ ಶಿಕ್ಷೆಯಿಂದ ಭಯ ಮಾತ್ರ ಹೆಚ್ಚುತ್ತದೆ.

ಇದರೊಡನೆ ‘ತಾನು ದಡ್ಡ’ ಎಂಬ ನಂಬಿಕೆ, ಸಿಡುಕು ಮತ್ತು ಶಾಲೆಯ ಭಯಗಳಿಗೆ ಪ್ರತ್ಯೇಕ ಚಿಕಿತ್ಸೆ ಬೇಕಾಗುತ್ತದೆ. ಭಾವನೆಯನ್ನು ಮಾತಿನಲ್ಲಿ ಹೇಳಲಾರದ ಚಿಕ್ಕ ಮಕ್ಕಳು ಗೊಂಬೆ, ಮಣ್ಣು ಮತ್ತು ಚಿತ್ರಗಳ ಮೂಲಕ ಅದನ್ನು ಹೊರಹಾಕಲು ಅನುವು ಮಾಡಿಕೊಡುವ ಆಟದ ಚಿಕಿತ್ಸೆಯನ್ನು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರ ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಸ್ವಲ್ಪ ದೊಡ್ಡ ಮಕ್ಕಳಿಗೆ ಅರಿವು–ವರ್ತನಾ ಚಿಕಿತ್ಸೆ ಸೂಕ್ತ. ‘ಎಲ್ಲರೂ ನಗುತ್ತಾರೆ’ ಎಂಬಂತಹ ಆಲೋಚನೆಯನ್ನು ಒರೆಗೆ ಹಚ್ಚುವುದನ್ನೂ, ಅಂಜುವ ಸಂದರ್ಭವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎದುರಿಸುವುದನ್ನೂ ಅದು ಕಲಿಸುತ್ತದೆ. ಶಾಲೆ ತಪ್ಪಿಸಿದ ದಿನ ಆತಂಕ ತಟ್ಟನೆ ಇಳಿಯುವುದರಿಂದಲೇ ಮರುದಿನದ ಭಯ ಬಲಿಯುತ್ತದೆ. ಆದ್ದರಿಂದ ದೀರ್ಘ ರಜೆಗಿಂತ ಶಿಕ್ಷಕರ ಸಹಕಾರದೊಂದಿಗೆ ಬೇಗನೆ ಶಾಲೆಗೆ ಮರಳಿಸುವುದು ಒಳ್ಳೆಯದು.

ಪ್ರಶ್ನೆ: ಇದಕ್ಕೆ ಔಷಧಿ ಅಥವಾ ಬಣ್ಣದ ಕನ್ನಡಕ ಉಂಟೇ?

ಉತ್ತರ: ಡಿಸ್ಲೆಕ್ಸಿಯಾವನ್ನು ಗುಣಪಡಿಸುವ ಮಾತ್ರೆಯಾಗಲಿ ಟಾನಿಕ್ ಆಗಲಿ ಇಲ್ಲ. ಬಣ್ಣದ ಕನ್ನಡಕ ಮತ್ತು ಕಣ್ಣಿನ ವ್ಯಾಯಾಮಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ಹಾಗೂ ನೇತ್ರ ವೈದ್ಯರ ಸಂಘಗಳು 2009ರ ಜಂಟಿ ಹೇಳಿಕೆಯಲ್ಲಿ ಸ್ಪಷ್ಟಪಡಿಸಿವೆ. ಆದರೆ ಗಮನವನ್ನು ಹಿಡಿದಿಡಲಾಗದ, ಚಡಪಡಿಕೆಯಿಂದ ಕೂಡಿದ ಎಡಿಎಚ್‌ಡಿ ಸ್ಥಿತಿ ಜೊತೆಗಿದ್ದರೆ ತಜ್ಞರ ಮೇಲ್ವಿಚಾರಣೆಯ ಔಷಧಿ ಆ ತೊಂದರೆಗೆ ನೆರವಾಗುತ್ತದೆ.

ಪ್ರಶ್ನೆ: ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವುದು ಮಗುವಿಗೆ ಕಳಂಕವಾಗದೇ?

ಉತ್ತರ: ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಒಂದು. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಆ ಕಾಯ್ದೆಯೇ ಹೆಸರಿಸುವುದರಿಂದ ಇವು ಶಾಲೆ ತೋರುವ ದಯೆಯಲ್ಲ, ಮಗುವಿನ ಹಕ್ಕು. ನ್ಯೂನತೆಯ ಪ್ರಮಾಣಪತ್ರ ಮತ್ತು ಪರೀಕ್ಷಾ ಮಂಡಳಿಯ ಅನುಮತಿಗೆ ಸಮಯ ಹಿಡಿಯುವುದರಿಂದ ಎಸ್ಸೆಸ್ಸೆಲ್ಸಿ ವರ್ಷಕ್ಕೆ ಮೊದಲೇ ಅರ್ಜಿಯ ಕೆಲಸ ಆರಂಭಿಸುವುದು ಕ್ಷೇಮ. ಮಗು ಸಾಯುವ ಮಾತಾಡಿದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಂಡರೆ ಮಾತ್ರ ಯಾವ ಸರದಿಯನ್ನೂ ಕಾಯದೆ ಅದೇ ದಿನ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದೆ.