ಶಂಖಪುಷ್ಪದ ಬೀಜ ಮತ್ತು ಅದರ ಕವಚ

ಬೇಲಿಗಳ ಮೇಲೆ ನೀಲಿ ಹೂಗಳನ್ನು ತಳೆದು ಹಬ್ಬುವ ಶಂಖಪುಷ್ಪದ ಬಳ್ಳಿಯು ನಮಗೆ ಅಪರಿಚಿತವಲ್ಲ. ಗಿರಿಕರ್ಣಿಕೆ, ಅಪರಾಜಿತೆ ಎಂಬುವು ಇದರ ಇತರ ಹೆಸರುಗಳು. ಇದು ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದುದು. ಆಯುರ್ವೇದದಲ್ಲಿ ಇದರ ಬೇರು, ಬೀಜಗಳಿಗೆ ಸ್ಥಾನವುಂಟು. ಬೀಜದಿಂದ ಇದನ್ನು ಬೆಳೆಸಹೊರಟವರು, ಬಿತ್ತಿದುದರಲ್ಲಿ ಒಂದೆರಡೇ ಮೊಳೆತುದನ್ನು ಕಂಡು, ಉಳಿದುವು ಸತ್ತುವೆಂದು ಬಗೆದು ಕುಂಡದ ಮಣ್ಣನ್ನು ಚೆಲ್ಲಿಬಿಡುವುದುಂಟು. ವಾಸ್ತವವಾಗಿ ಅವುಗಳಲ್ಲಿ ಅನೇಕವು ಜೀವಂತವಾಗಿಯೇ ಇರುತ್ತವೆ. ಅವುಗಳಿಗೆ ನೀರು ಮಾತ್ರ ದೊರೆತಿರುವುದಿಲ್ಲ.

ಹಸಿಮಣ್ಣಿನಲ್ಲಿದ್ದೂ ನೀರು ದೊರೆಯದಿರಲು ಕಾರಣವೇನು? ಬೀಜದ ಹೊರಕವಚದಲ್ಲಿ ಕಂಬಗಳಂತಹ ಕೋಶಗಳು ಸಂದಿಲ್ಲದೆ ಒತ್ತಾಗಿ ನಿಂತು ನೀರನ್ನು ತಡೆಯುತ್ತವೆ. ಬೀಜವು ಕಾಯಿಗೆ ಅಂಟಿಕೊಂಡಿದ್ದ ಎಡೆಯನ್ನು ನಾಭಿ ಎನ್ನುತ್ತಾರೆ. ಇದೇ ಕುಟುಂಬದ ಕ್ಲೋವರ್ ಮತ್ತು ಲೂಪಿನ್ ಬೀಜಗಳಲ್ಲಿ ಈ ನಾಭಿಯ ಸೀಳು ಒಂದು ಕವಾಟದಂತೆ ವರ್ತಿಸುವುದನ್ನು ಹೈಡ್ ಎಂಬ ವಿಜ್ಞಾನಿ ೧೯೫೪ರಲ್ಲಿ ವಿವರಿಸಿದರು. ಹೊರಗಿನ ಗಾಳಿ ಒಣಗಿದ್ದಾಗ ಸೀಳು ತೆರೆದು ಒಳಗಿನ ತೇವ ಹೊರಹೋಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದೊಡನೆ ಅದು ಮುಚ್ಚಿಕೊಳ್ಳುತ್ತದೆ. ತೇವಕ್ಕೆ ನಿರ್ಗಮನವುಂಟು, ಪ್ರವೇಶವಿಲ್ಲ! ಇಂತಹ ಕವಚದಿಂದ ಸಸ್ಯಕ್ಕೆ ಲಾಭವೇ ಸರಿ. ಎಲ್ಲ ಬೀಜಗಳೂ ಮೊದಲ ಮಳೆಗೇ ಮೊಳೆತು, ಬಳಿಕ ಮಳೆ ಹಿಂಜರಿದರೆ ಸಂತತಿಯೇ ನಾಶವಾದೀತು.

ತೋಟಗಾರನಿಗೆ ಉಪಾಯ ಸುಲಭ. ನಾಭಿಯಿರುವ ಪಕ್ಕವನ್ನು ಬಿಟ್ಟು, ಅದರ ಎದುರು ಪಕ್ಕವನ್ನು ಬಡಗಿಗಳು ಬಳಸುವ ಮರಳು ಕಾಗದದ ಮೇಲೆ, ಒಳಗಿನ ತಿಳಿಬಣ್ಣ ತೋರುವವರೆಗೆ ಮಾತ್ರ, ಮೆಲ್ಲನೆ ಉಜ್ಜಬೇಕು. ಅನಂತರ ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಡಬೇಕು. ಮಳೆಗಾಲದಲ್ಲಿ ಮರದ ಬಾಗಿಲು ತೇವ ಹೀರಿ ಬಿಗಿಯಾಗುವಂತೆಯೇ ಬೀಜವೂ ಉಬ್ಬುತ್ತದೆ. ಆದರೆ ಉಬ್ಬುವಿಕೆ ಕೇವಲ ಭೌತಕ್ರಿಯೆ. ಸತ್ತ ಬೀಜವೂ ಉಬ್ಬಬಲ್ಲದು. ಜೀವಕ್ಕೆ ಸಾಕ್ಷಿ ಮೊಳಕೆಯೇ. ಉಬ್ಬದ ಬೀಜಗಳನ್ನು ಮತ್ತೊಮ್ಮೆ ಉಜ್ಜಿ ನೆನೆಯಿಡಬಹುದು.

ನೀರು ನಿಲ್ಲದ ಸಡಿಲ ಮಣ್ಣಿನಲ್ಲಿ ೧ರಿಂದ ೨ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಮಣ್ಣಿನ ತೇವ ಆರದಂತೆ ನೋಡಿಕೊಳ್ಳಿರಿ. ಹವೆ ಬೆಚ್ಚಗಿದ್ದರೆ ಒಂದೆರಡು ವಾರಗಳಲ್ಲಿ ಸಸಿ ಕಾಣುತ್ತದೆ. ಬಳ್ಳಿಯ ತುದಿಯು ಆಸರೆ ಸಿಕ್ಕುವವರೆಗೆ ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗುತ್ತಿರುತ್ತದೆ. ಬಳ್ಳಿಗಳ ಈ ಚಲನೆಯನ್ನು ಕುರಿತು ಚಾರ್ಲ್ಸ್ ಡಾರ್ವಿನ್ ೧೮೭೫ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಆದುದರಿಂದ ಸಣ್ಣ ಕೋಲನ್ನಾಗಲಿ ಹುರಿಯನ್ನಾಗಲಿ ಮೊದಲೇ ಒದಗಿಸಬೇಕು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನನ್ನು ಗಿಡಕ್ಕೆ ಒದಗಿಸುವುದರಿಂದ ಹೆಚ್ಚು ಗೊಬ್ಬರ ಬೇಡ.

ಎರಡು ಎಚ್ಚರಿಕೆಗಳು ಅವಶ್ಯ. ಶಂಖಪುಷ್ಪಿ ಎಂಬ ಹೆಸರಿನಿಂದ ಬೇರೊಂದು ಮೂಲಿಕೆಯನ್ನೂ ಕರೆಯುತ್ತಾರೆ. ಮೇಲಾಗಿ ಈ ಬಳ್ಳಿಯ ಬೇರು, ಬೀಜಗಳು ಭೇದಿಯನ್ನುಂಟುಮಾಡುತ್ತವೆ. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಎರಡನೆಯದಾಗಿ, ಇದೇ ಕುಟುಂಬದ ಬಳ್ಳಿಯಾದ ಗುಲಗಂಜಿಯ ಬೀಜವನ್ನು ಮನೆಯಲ್ಲಿ ಎಂದಿಗೂ ಹೀಗೆ ಉಜ್ಜಬಾರದು. ಅದರೊಳಗಿನ ಅಬ್ರಿನ್ ಪ್ರಾಣಾಂತಕ ವಿಷ. ಅದನ್ನು ಹಿಡಿದಿಟ್ಟಿರುವುದು ಆ ಗಟ್ಟಿ ಕವಚವೇ.

ಆಸಕ್ತರು ಹತ್ತು ಶಂಖಪುಷ್ಪದ ಬೀಜಗಳನ್ನು ಉಜ್ಜಿ, ಹತ್ತನ್ನು ಉಜ್ಜದೆ, ಎರಡನ್ನೂ ಒಂದೇ ರೀತಿ ನೆನೆಯಿಟ್ಟು ಬೇರೆಬೇರೆ ಕುಂಡಗಳಲ್ಲಿ ಬಿತ್ತಿ, ದಿನವೂ ಮೊಳಕೆಗಳನ್ನೆಣಿಸಿ ಬರೆದಿಡಲಿ. ಎರಡನೆಯ ಕುಂಡದ ಮಣ್ಣನ್ನು ಮಾತ್ರ ಆತುರದಿಂದ ಚೆಲ್ಲದಿರಲಿ.